ಫಿರೋಜಾ ಬೀಗೆ ಬರೆದುಕೊಟ್ಟ ನಕಲು

ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಇಳಿದು ಗಫಾರ್ ಸಾಹೇಬರ ಮನೆ ಎಲ್ಲಿ ಎಂದು ಕೇಳಿದರೆ ಜಟಕಾದವನು ತಲೆ ಕೆರೆದುಕೊಳ್ಳುತ್ತಿದ್ದ. ಊರಿನಲ್ಲಿ ಗಫಾರ್‌ಗಳಿಗೇನೂ ಬರವಿರಲಿಲ್ಲ. 'ಸಹಿ ಸಾಬರ ಮನೆ' ಎಂದರೆ ಮಾತ್ರ ಮರುಮಾತಿಲ್ಲದೆ ತಂದು ಬಾಗಿಲಿಗೇ ಇಳಿಸುತ್ತಿದ್ದ. ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲ ಅದು. ಊರಿಗೆ ಊರೇ ಹಾಲೆ ಮರದಲ್ಲಿ ಬೊಂಬೆ ಕಡೆದು, ಅರಗಿನ ಬಣ್ಣ ಹಚ್ಚಿ ಹೊಟ್ಟೆ ಹೊರೆಯುತ್ತಿದ್ದಾಗ ಈ ಮಹಾರಾಯರು ಮಾತ್ರ ಸತ್ತವರ ಸಹಿ ಮಾರಿ ಸಂಸಾರ ತೂಗಿಸುತ್ತಿದ್ದರು.

ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಸುಲ್ತಾನರ ಕಾಲದ ಪಾರಸಿ ಕಾಗದಗಳು ಬಿದ್ದಿರುತ್ತಿದ್ದವು. ಕಷ್ಟ ಬಂದವರು ಅವನ್ನು ಮಾರುತ್ತಿದ್ದರು. ಪ್ಲೀಡರುಗಳು, ಪಿಂಚಣಿಯ ಅಮಲ್ದಾರರು, ದಂಡು ಪ್ರದೇಶದ ಇಂಗ್ಲಿಷ್ ದೊರೆಗಳು ಕೊಂಡು, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಿದ್ದರು. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಪಾರಸಿಯ ಗಂಧವೂ ಇರಲಿಲ್ಲ. ಗಫಾರ್ ಸಾಹೇಬರು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಆ ಒಂದು ಮಾತಿನ ಮೇಲೆಯೇ ದುಡ್ಡು ಬಿಚ್ಚುತ್ತಿದ್ದರು. ಕಾಗದದ ಹಿಂದೆ ಒಂದು ಗುರುತು ಹಾಕಿಕೊಡಿ ಎಂದರೆ ಸಾಹೇಬರು ಒಪ್ಪುತ್ತಿರಲಿಲ್ಲ. "ಹಿರೀಕರ ಕಾಗದದ ಮ್ಯಾಲೆ ನನ್ನ ಮಸಿ ಬೀಳಬಾರದು. ನನ್ನ ಬಾಯಿಮಾತು ಸಾಲದಾ?" ಎನ್ನುತ್ತಿದ್ದರು. ಮೂವತ್ತು ವರ್ಷ ಆ ಬಾಯಿಮಾತೇ ಸಾಕಾಗಿತ್ತು.

ಅವರದೊಂದು ಕ್ರಮವಿತ್ತು. ಯಾವ ಮನೆಯಿಂದ ಕಾಗದ ತಂದರೂ ಆ ಮನೆಗೆ ಅದರ ನಕಲು ಬರೆಸಿಕೊಡುತ್ತಿದ್ದರು. ಹಿರಿಯರ ದಿನ ಫಾತೆಹಾ ಓದಿಸಿದ ಮೇಲೆ ಮನೆಮಂದಿಯನ್ನು ಕೂರಿಸಿ ಆ ಕಾಗದ ಓದುವುದು ಹಳೆಯ ಮನೆಗಳಲ್ಲಿ ರೂಢಿ. ಅಸಲು ಹೋಯಿತೆಂದು ಓದು ನಿಲ್ಲಬಾರದು ಎಂಬುದು ಅವರ ಎಣಿಕೆ. ಆದರೆ ನಕಲು ಗಿರಣಿಯ ಹೊಸ ಕಾಗದದ ಮೇಲೇ ಆಗಬೇಕು. ಸಹಿಯ ಜಾಗದಲ್ಲಿ ಸಹಿ ತಿದ್ದಕೂಡದು, 'ಇಲ್ಲಿ ದಸ್ತಖತ್ ಇತ್ತು' ಎಂದಷ್ಟೇ ಬರೆಯಬೇಕು.

ಆ ನಕಲುಗಳನ್ನೆಲ್ಲ ಬರೆಯುತ್ತಿದ್ದವಳು ಸೊಸೆ ಸಾಬಿರಾ. ಮಾಗಡಿಯಲ್ಲಿ ಕುರಾನ್ ಬರೆದು ಬದುಕುತ್ತಿದ್ದ ಮೌಲ್ವಿಯೊಬ್ಬರ ಮಗಳು. ಹುಡುಗಿಯ ಮುಖ ನೋಡಲು ಅತ್ತೆ ಶರ್ಫುನ್ನೀಸಾ ಹೋದರೆ, ಕೈಬರಹ ನೋಡಲು ಮಾವ ಹೋಗಿದ್ದರು. ಎಂಟು ವರ್ಷದಿಂದ ಬೆಳಗಿನ ಅಡಿಗೆ ಮುಗಿಸಿ, ಕೈಗೆ ಹತ್ತಿದ ಹಿಟ್ಟು ತೊಳೆದು, ಹಿತ್ತಲ ಬಾಗಿಲ ಬೆಳಕಿಗೆ ಮಣೆ ಹಾಕಿಕೊಂಡು ಬರೆಯುತ್ತಿದ್ದಳು. ಗಂಡ ಶುಕೂರ್ ಬೊಂಬೆ ಕಡೆಯುವವನು, ಅಕ್ಷರದ ಗೊಡವೆಗೆ ಹೋದವನಲ್ಲ. "ನಮ್ಮಪ್ಪ ನನಗೆ ಹೆಂಡ್ತಿ ತರಲಿಲ್ಲ ಕಣ್ಲಾ, ಅವರಿಗೆ ಗುಮಾಸ್ತೆ ತಂದ್ಕೊಂಡ್ರು," ಎಂದು ಗೆಳೆಯರ ಮುಂದೆ ನಗುತ್ತಿದ್ದ. ಮಾವ ನಕಲು ನೋಡಿ, "ವಾಹ್ ಬೇಟಿ," ಎಂದ ದಿನ ಸಾಬಿರಾಗೆ ಅನ್ನ ರುಚಿಯಾಗುತ್ತಿತ್ತು. ಅವಳಿಗೆ ಬೇರೆ ಸುಖಗಳು ಹೆಚ್ಚಿರಲಿಲ್ಲ.

ಎಲ್ಲ ಕೆಟ್ಟಿದ್ದು ಕನಿಕರದಿಂದ. ಎರಡು ವರ್ಷದ ಹಿಂದೆ ಕೋಟೆ ಬೀದಿಯ ಮುದುಕಿ ಫಿರೋಜಾ ಬೀ ತನ್ನ ಮನೆತನದ ಕಾಗದ ಮಾರಿದಳು. ಸಾವನದುರ್ಗದ ಕೋಟೆ ಕಾಯುತ್ತಿದ್ದ ಕಿಲ್ಲೇದಾರನೊಬ್ಬ ಅವಳ ಮುತ್ತಾತನಿಗೆ ಬರೆದ ಮೆಚ್ಚುಗೆ ಪತ್ರ. ತುಂಬಿ ಹರಿಯುವ ಅರ್ಕಾವತಿಯಲ್ಲಿ ಆ ಮುತ್ತಾತ ಕುದುರೆಗಳನ್ನು ದಾಟಿಸಿ ತಂದನಂತೆ. ಸಾಹೇಬರು ಅದನ್ನು ಪ್ಲೀಡರ್ ಹೊನ್ನಯ್ಯನವರಿಗೆ ಕೊಡಲು ಒಪ್ಪಿದ್ದರು. ಹೊನ್ನಯ್ಯ ದೊಡ್ಡಆಲಹಳ್ಳಿಯ ರೈತರ ಮಗ, ಈಗಿನ ರಾಮನಗರಕ್ಕೆ ಆಗ ಇದ್ದ ಹೆಸರಿನಲ್ಲಿ ಹೇಳುವುದಾದರೆ ಕ್ಲೋಸ್‌ಪೇಟೆಯ ಕೋರ್ಟಿನಲ್ಲಿ ವಕೀಲಿ. ಹಳೆಯ ಸಹಿ ಎಂದರೆ ಪ್ರಾಣ ಬಿಡುತ್ತಿದ್ದರು.

ನಾಲ್ಕನೆಯ ದಿನ ಫಿರೋಜಾ ಬೀ ನಕಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸಾಬಿರಾ ಅವರೆಕಾಯಿ ಸುಲಿಯುತ್ತಿದ್ದಳು.

"ಇದು ಬ್ಯಾಡ ಕಣಮ್ಮ. ವರ್ಷಾವರ್ಷ ಆ ದಸ್ತಖತ್ತಿಗೆ ಮುತ್ತಿಡ್ತಿದ್ದೆ. ಇದಕ್ಕೆ ಮುತ್ತಿಟ್ರೆ ಅಂಗಡಿ ಚೀಟಿಗೆ ಮುತ್ತಿಟ್ಟಂಗಾಯ್ತದೆ, ಬರಬರ ಅಂತದೆ."

"ಸಹಿ ಬರೆಯಂಗಿಲ್ಲ ಅಂತಾರೆ ನಮ್ಮ ಮಾವ."

"ನಿಮ್ಮ ಮಾವಂಗೆ ಯಾರು ಹೇಳೋರು? ನಾನು ಇನ್ನೆಷ್ಟು ದಿನ ಇರ್ತೀನಿ? ನಮ್ಮಣ್ಣನ ಮಗ ಮೆಹಬೂಬಂಗೂ ನಾನು ಮಾರಿದ್ದು ಗೊತ್ತಿಲ್ಲ."

ಮುದುಕಿ ಅತ್ತಳು. ಸುಲಿದ ಕಾಳಿನ ಮೊರದ ಪಕ್ಕ ಕೂತು ಮಗುವಿನಂತೆ ಅತ್ತಳು. ಅಸಲು ಇನ್ನೂ ಮನೆಯಲ್ಲೇ ಇತ್ತು. ಹೊನ್ನಯ್ಯ ಒಯ್ಯಲು ಭಾನುವಾರ ಬರುವವರಿದ್ದರು. ಸಾಬಿರಾ ಮಾಗಡಿಯಿಂದ ತಂದ ತಂದೆಯ ಪುಸ್ತಕದ ಕೊನೆಯಲ್ಲಿ ಕಂದಿದ ಖಾಲಿ ಹಾಳೆಯೊಂದಿತ್ತು. ದೀಪದ ಕಾಡಿಗೆಯಿಂದ ಮಸಿ ಅರೆಯುವುದನ್ನು ತಂದೆಯೇ ಕಲಿಸಿದ್ದರು. ಮಾರನೆಯ ದಿನ ಮಾವ ಬಿಡದಿಗೆ ಹೋದಾಗ ಕೂತು ಬರೆದಳು, ಸಹಿಯನ್ನೂ ಬರೆದಳು. ಫಿರೋಜಾ ಬೀ ಅದಕ್ಕೆ ತುಟಿ ಒತ್ತಿ, ಇವಳ ತಲೆ ಸವರಿ, ಹೊಸ ಕಾಗದದ ನಕಲನ್ನು ತಾನೇ ಒಲೆಗೆ ಹಾಕಿ ಹೊರಟುಹೋದಳು. ಸಾಬಿರಾಗೆ ಅಂದು ಪುಣ್ಯದ ಕೆಲಸ ಮಾಡಿದಂತಾಯಿತು.

ಈ ವರ್ಷ ರಂಜಾನ್ ಕಳೆದ ಮೇಲೆ ಮುದುಕಿ ತೀರಿಕೊಂಡಳು. ಮೆಹಬೂಬ್ ಪೆಟ್ಟಿಗೆ ತೆಗೆದ, ತಗಡಿನ ಕೊಳವೆಯಲ್ಲಿದ್ದ ಕಾಗದ ಕಂಡ, ಕ್ಲೋಸ್‌ಪೇಟೆಯ ಪ್ಲೀಡರು ಇಂಥವನ್ನು ಕೊಳ್ಳುತ್ತಾರೆಂದು ಕೇಳಿ ಅವರ ಮುಂದೆ ಬಿಚ್ಚಿಟ್ಟ. ಅದೇ ಕಾಗದ ಹೊನ್ನಯ್ಯನವರ ಗೋಡೆಯ ಮೇಲೆ ಎರಡು ವರ್ಷದಿಂದ ತೂಗುತ್ತಿತ್ತು.

ಹೊನ್ನಯ್ಯ ಬೆಳಗಿನ ರೈಲಿಗೆ ಬಂದರು. ಆ ಮನೆಯಲ್ಲಿ ಅವರಿಗೆ ಊಟವಿಲ್ಲ, ಎಳನೀರು ಮಾತ್ರ. ಅವರೆದುರಿಗೇ ಕೆತ್ತಿ ಕೊಡುವುದು ಪದ್ಧತಿ. ಶುಕೂರ್ ಕೆತ್ತಿ ಕೊಟ್ಟ. ಬಾಗಿಲ ಪರದೆಯ ಹಿಂದೆ ಶರ್ಫುನ್ನೀಸಾ ಅಡಿಕೆ ಕತ್ತರಿಸುತ್ತಿದ್ದಳು, ಸಾಬಿರಾ ಗೋಧಿ ಹಸನು ಮಾಡುತ್ತಿದ್ದಳು.

"ಸಾಹೇಬ್ರೆ, ಒಂದು ಸಣ್ಣ ಕೆಲ್ಸ," ಎಂದು ಹೊನ್ನಯ್ಯ ಚಾಪೆಯ ಮೇಲೆ ಎರಡು ಕಾಗದ ಇಟ್ಟರು. "ಫಿರೋಜಾ ಬೀ ಮನೇದು ಅಂತ ನೀವು ನನಗೆ ಕೊಟ್ರಲ್ಲ, ಆ ಕಾಗದ ಇವೆರಡರಲ್ಲಿ ಯಾವ್ದು?"

ಸಾಬಿರಾಳ ಕೈ ಮೊರದಲ್ಲೇ ನಿಂತಿತು. ಪರದೆಯ ಸಂದಿನಿಂದ ಎರಡೂ ಕಾಣುತ್ತಿದ್ದವು. ಗೋಡೆಯ ಮೇಲೆ ಕಿಟಕಿಯ ಬಿಸಿಲಿಗೆ ಎರಡು ವರ್ಷ ತೂಗಿದ ಅಸಲು ಮಸಿ ಮಾಸಿ ಬಿಳಿಚಿಕೊಂಡಿತ್ತು. ಕೊಳವೆಯ ಕತ್ತಲಲ್ಲಿದ್ದ ಅವಳ ಬರಹ ಕಪ್ಪಗೆ, ದಿಟ್ಟವಾಗಿ ಕೂತಿತ್ತು. ಮಾವನಿಗೆ ಆ ವರ್ಷ ಕಣ್ಣಿನಲ್ಲಿ ಪೊರೆ ಬೇರೆ ಇಳಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಸಾಹೇಬರು ಎರಡನ್ನೂ ಎತ್ತಿ ನೋಡಿದರು, ಬೆಳಕಿಗೆ ಹಿಡಿದರು, ಮೂಸಿದರು. ನಕ್ಕರು.

"ಇದರಾಗೆ ಕೇಳಾದೇನೈತೆ ಹೊನ್ನಯ್ಯನೋರೆ? ಇದು ಕಿಲ್ಲೇದಾರನ ಕೈ. ಆ ಜೋರು ನೋಡಿ. ಇನ್ನೊಂದು ಯಾರೋ ಹೆದರಿ ಹೆದರಿ ತಿದ್ದಿರೋದು, ಖೋಟಾ."

ಅವರು ಬೆರಳಿಟ್ಟದ್ದು ಸಾಬಿರಾಳ ಬರಹದ ಮೇಲೆ.

ಆಗ ಒಂದು ಮಾತು ಆಡಿದ್ದರೆ ಆಗುತ್ತಿತ್ತು. 'ಅಬ್ಬಾ, ತಡೀರಿ' ಎಂದು ಒಳಗಿನಿಂದ ಒಂದು ಕೂಗು ಹಾಕಿದ್ದರೂ ಸಾಕಿತ್ತು. ಪರಗಂಡಸು ಕೂತಿದ್ದಾರೆ, ಅತ್ತೆ ಪಕ್ಕದಲ್ಲಿದ್ದಾಳೆ, ಗಂಡನ ಕೈಯಲ್ಲಿ ಕತ್ತಿಯಿದೆ. ಇಂಥ ಹತ್ತು ನೆಪಗಳು ಅಡ್ಡ ಬಂದವು. ಆಮೇಲೆ ಜೀವನವಿಡೀ ಆ ಹೊತ್ತನ್ನು ನೆನೆದು ಅವಳು ಕೊರಗಿದಳು.

ಹೊನ್ನಯ್ಯ ಮಾಸಿದ ಕಾಗದ ಎತ್ತಿಕೊಂಡರು.

"ನೀವು ನನಗೆ ಕೊಟ್ಟಿದ್ದು ಇದು ಸಾಹೇಬ್ರೆ. ಅದನ್ನ ಮೆಹಬೂಬ ಮೊನ್ನೆ ತಂದುಕೊಟ್ಟ."

"ಏನಂದ್ರಿ?"

"ನನ್ನ ಹತ್ರ ನಿಮ್ಮಿಂದ ತಗಂಡಿರೋ ಕಾಗ್ದ ಮೂವತ್ತೊಂದವೆ. ಇನ್ನು ಅವನ್ನ ಏನಂತ ತಿಳ್ಕಳ್ಳಲಿ?"

ಎದ್ದು ಚಪ್ಪಲಿ ಮೆಟ್ಟಿದರು. ಎಳನೀರು ಹಾಗೆಯೇ ಉಳಿಯಿತು.

ಅಂದು ಮಧ್ಯಾಹ್ನ ಸಾಹೇಬರು ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೆಯೇ ಕೂತರು. ತಾನು ತಪ್ಪಿದೆನೆಂಬ ಮಾತು ಅವರ ತಲೆಗೆ ಹತ್ತಲಿಲ್ಲ. ಯಾರೋ ತನ್ನನ್ನು ಕೆಡಿಸಿದರೆಂದೇ ಹತ್ತಿತು.

"ಮೆಹಬೂಬನೇ ಮಾಡ್ಸಿರಾದು. ಒಂದು ಖೋಟಾ ಕಾಗ್ದ ಮಾಡ್ಸಿ, ಪ್ಲೀಡರ ಮನೇಲಿ ಅದಲು ಬದಲು ಮಾಡವ್ನೆ."

"ಮೆಹಬೂಬಂಗೆ ಅಲೀಫ್ ಅಕ್ಷರಾನೂ ಬರಾಕಿಲ್ಲ ಅಬ್ಬಾ," ಎಂದ ಶುಕೂರ್. "ಪ್ಲೀಡರ ಮನೆ ಗೋಡೆ ಮ್ಯಾಲಿಂದ ಅದಲು ಬದಲು ಮಾಡಾಕೆ ಅವನೇನು ಗಾರುಡಿಗನಾ? ನಿಮ್ಮ ಕಣ್ಣು ಒಸಿ ಮಂಜಾಗೈತೆ, ಒಪ್ಕಳಿ. ಈ ಯಾಪಾರ ಬುಟ್ಬುಡಿ. ಬಂದು ನನ್ನ ಪಕ್ಕ ಕುಂತ್ಕಳಿ, ಬೊಂಬೆಗೆ ಬಣ್ಣ ಹಚ್ಚೀರಂತೆ."

"ಬೊಂಬೆಗೆ ಬಣ್ಣ ಹಚ್ಚು ಅಂತೀಯ ನನಗೆ?"

"ಯಾಕೆ, ನಾನು ಹಚ್ಚಾಕಿಲ್ವಾ? ನಿಮ್ಮ ತಟ್ಟೇಲಿರೋ ರಾಗಿ ಅದರದ್ದೇಯಾ."

ಸಾಹೇಬರು ತಟ್ಟೆ ತಳ್ಳಿ ಎದ್ದರು. "ಊಟದ ಮುಂದೆ ಇಂಥ ಮಾತು ಆಡ್ತಾರೇನ್ಲಾ?" ಎಂದು ಶರ್ಫುನ್ನೀಸಾ ಮಗನನ್ನು ಬೈದಳು. ಸಾಬಿರಾ ತಟ್ಟೆಯನ್ನು ಒಳಗೆ ಒಯ್ದಳು.

ಸುದ್ದಿ ಹದಿನೈದು ದಿನದಲ್ಲಿ ಮಾಗಡಿ, ಈಗಿನ ಕನಕಪುರ ಎಲ್ಲ ಸುತ್ತಿ ಬಂತು. ಕನಕಪುರದ ಪಿಂಚಣಿದಾರರೊಬ್ಬರು ತಾವು ಕೊಂಡ ಸನ್ನದನ್ನು ಆಳಿನ ಕೈಯಲ್ಲಿ ಹಿಂದಕ್ಕೆ ಕಳಿಸಿದರು. ಜೊತೆಗೆ ಚೀಟಿಯೂ ಇರಲಿಲ್ಲ. ದಂಡಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ದಲ್ಲಾಳಿ ಬರಲಿಲ್ಲ. ಜಟಕಾದವರು ಸಹಿ ಸಾಬರು ಎನ್ನುವಾಗ ತುಟಿ ಕೊಂಕಿಸತೊಡಗಿದರು.

ಶುಕ್ರವಾರ ಮಸೀದಿಯ ಮುಂದೆ ನಮಾಜು ಮುಗಿಸಿ ಬಂದ ಜನರ ನಡುವೆ ಸಾಹೇಬರು ಮೆಹಬೂಬನನ್ನು ಹಿಡಿದು ನಿಲ್ಲಿಸಿದರು. "ಸತ್ತೋರ ದಸ್ತಖತ್ ಕದ್ದೋನು ಇವನು," ಎಂದು ಕೂಗಿದರು. ಮೆಹಬೂಬ್ ಅಳುವಂತಾಗಿ ಸೋದರತ್ತೆ ಫಿರೋಜಾ ಬೀಯ ಪೆಟ್ಟಿಗೆಯ ಮೇಲೆ ಆಣೆಯಿಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸಿದ್ದರೇನು, ಮೂವತ್ತು ವರ್ಷದ ಹೆಸರಿನ ಮುಂದೆ ಕೂಲಿಯವನ ಆಣೆ ಎಷ್ಟರದು? ಬೊಂಬೆ ಮಂಡಿಯ ಹಬೀಬ್ ಸಾಹೇಬರು ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದರು. "ಖೋಟಾ ಮಾಡೋನು ನಮ್ಮ ಮಂಡಿಗೆ ಬ್ಯಾಡ," ಎಂದರಂತೆ.

ಮುಂದಿನ ವಾರ ಮೆಹಬೂಬನ ಹೆಂಡತಿ ಮುನ್ನೀ ಹಿತ್ತಲ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಳೆಂದು ಸಾಬಿರಾ ಹೆದರಿದಳು. ಅವಳು ಸೆರಗಿನ ಕೆಳಗಿಂದ ಒಂದು ಪಾವು ತೆಗೆದಳು.

"ಆಪಾ, ಒಸಿ ರಾಗಿ ಹಿಟ್ಟು ಕೊಡ್ತೀರಾ? ಬೇರೆ ಮನೇಲಿ ಕೇಳಾಕೆ ನಾಚ್ಕೆ ಆಯ್ತದೆ. ನಿಮ್ಮ ಮಾವಂಗೆ ನಮ್ಮ ಮ್ಯಾಲೆ ಸಿಟ್ಟಿರಬೌದು, ನಿಮಗೇನಿಲ್ವಲ್ಲ."

ಸಾಬಿರಾ ಪಾವಿನ ಬದಲು ಮೊರದ ತುಂಬ ಹಿಟ್ಟು ಸುರಿದುಕೊಟ್ಟಳು. ಮುನ್ನೀ ಬೆರಗಾಗಿ ನೋಡಿ, ದುವಾ ಹೇಳಿ ಹೋದಳು. ಆ ದುವಾ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಸಾಬಿರಾ ಒಲೆಯ ಮುಂದೆ ಕೂತು ಅತ್ತೆಗೆ ಎಲ್ಲ ಹೇಳಿಬಿಟ್ಟಳು.

ಶರ್ಫುನ್ನೀಸಾ ಮುದ್ದೆಯ ಕೋಲು ಹಿಡಿದೇ ಕೇಳಿದಳು.

"ಬಾಯಿ ಮುಚ್ಚು," ಎಂದಳು ಕೊನೆಗೆ. "ಆ ಮುದುಕಿ ಸತ್ತಳು, ಅವಳ ಜೊತೆ ಇದೂ ಸಾಯ್ಲಿ."

"ಮೆಹಬೂಬನ ಮನೇಲಿ ಒಲೆ ಉರೀತಿಲ್ಲ ಅಮ್ಮಾ."

"ನಮ್ಮ ಮನೇಲಿ ಉರೀತಾ ಐತಲ್ಲ, ಅದನ್ನ ನೋಡು. ಕಳ್ಳ ಹೊರಗಿನೋನು ಅಂತ ತಿಳ್ಕಂಡು ನಿಮ್ಮ ಮಾವ ಉಸಿರಾಡ್ತಾವ್ರೆ. ಮನೆ ಒಳಗೇ ಅಂದ್ರೆ ಬದುಕ್ತಾರಾ?"

"ನನಗೆ ತುತ್ತು ಇಳೀವಲ್ದು."

"ನನಗೆ ಇಳೀತದಾ ಈಗ?" ಎಂದು ಅತ್ತೆ ಕೋಲನ್ನು ಪಾತ್ರೆಯೊಳಗೆ ಕುಕ್ಕಿದಳು. ಅಂದಿನ ಮುದ್ದೆಯಲ್ಲಿ ಗಂಟುಗಳಾದವು. ಆ ಮನೆಯಲ್ಲಿ ಅಂಥದ್ದು ಅದೇ ಮೊದಲು.

ಸಾಬಿರಾ ಮೂರು ದಿನ ತಡೆದಳು. ನಾಲ್ಕನೆಯ ದಿನ ಸಾಹೇಬರು ಜಗಲಿಯಲ್ಲಿ ಹಳೆಯ ಕಾಗದಗಳಿಗೆ ಬಿಸಿಲು ತೋರಿಸುತ್ತಿದ್ದಾಗ ಹೋಗಿ ಎದುರು ಕೂತಳು. ಮುದುಕಿ ಬಂದದ್ದು, ಅತ್ತದ್ದು, ತಂದೆಯ ಪುಸ್ತಕದ ಹಾಳೆ, ಕಾಡಿಗೆಯ ಮಸಿ, ಒಂದನ್ನೂ ಬಿಡದೆ ಹೇಳಿದಳು. ಸಾಹೇಬರು ಕಾಗದ ತಿರುವಿ ಹಾಕುತ್ತಲೇ ಇದ್ದರು.

"ದಸ್ತಖತ್ತೂ ನೀನೇ ಬರೆದಾ?"

"ಹೂಂ ಅಬ್ಬಾ."

"ಎಷ್ಟು ಸಲ ತಿದ್ದಿ ಕಲಿತೆ?"

"ಕಲೀಲಿಲ್ಲ. ಒಂದೇ ಸಲ ಬರೆದೆ."

ಸಾಹೇಬರ ಕೈ ನಿಂತಿತು. ಬೈಯುತ್ತಾರೆ, ಹೊಡೆಯುತ್ತಾರೆ, ಮಾಗಡಿಗೆ ಅಟ್ಟುತ್ತಾರೆ ಎಂದು ಎಲ್ಲಕ್ಕೂ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವರು ಏನೂ ಮಾಡಲಿಲ್ಲ. ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದು, ಕೋಲು ಹಿಡಿದು, ನೇರವಾಗಿ ಮೆಹಬೂಬನ ಮನೆಗೆ ನಡೆದರು. ಬೀದಿಯ ನಡುವೆ, ಹತ್ತು ಜನ ನೋಡುತ್ತಿದ್ದಂತೆ, ಅವನ ಎರಡೂ ಕೈ ಹಿಡಿದು "ತಪ್ಪಾಯ್ತು ಕಣಪ್ಪ," ಎಂದರು. ಅಲ್ಲಿಂದ ಹಬೀಬ್ ಸಾಹೇಬರ ಮಂಡಿಗೆ ಹೋಗಿ ಅವನ ಕೆಲಸ ಹಿಂದಕ್ಕೆ ಕೊಡಿಸಿದರು. ಮಾರನೆಯ ದಿನ ಕ್ಲೋಸ್‌ಪೇಟೆಗೆ ಹೋಗಿ ಹೊನ್ನಯ್ಯನವರಿಗೆ ಹೇಳಿದರು: "ನಿಮ್ಮ ಗೋಡೆ ಮ್ಯಾಲಿರೋದೇ ಅಸಲು. ಇನ್ನೊಂದು ನಮ್ಮ ಮನೇಲೇ ಆದ ನಕಲು. ನೋಡೋದ್ರಲ್ಲಿ ನಾನೇ ಎಡವಿದೆ." ಯಾರ ಕೈ ಎಂದು ಬಾಯಿ ಬಿಡಲಿಲ್ಲ.

ಅಂದು ಸಾಬಿರಾ ಅಕ್ಕಿ ರೊಟ್ಟಿ ತಟ್ಟಿದಳು. ಮಾವ ಎರಡು ರೊಟ್ಟಿ ತಿಂದರು. ಶುಕೂರ್ ಬೆಲ್ಲ ಮುಂದಕ್ಕೆ ತಳ್ಳಿದ. "ಮುಗೀತಲ್ಲ, ಇನ್ನು ಸುಮ್ನಿರಿ ಎಲ್ರೂ," ಎಂದಳು ಶರ್ಫುನ್ನೀಸಾ. ಮುಗಿಯಿತೆಂದೇ ಸಾಬಿರಾ ನಂಬಿದಳು. ಆದರೆ ಆಮೇಲೆ ಮಾವ ಅವಳಿಗೆ ಬರೆಯಲು ಏನೂ ಕೊಡಲಿಲ್ಲ. ಬೆಳಗಿನ ಅಡಿಗೆಯಾದ ಮೇಲೆ ಕೈ ತೊಳೆದು ಹಿತ್ತಲ ಬಾಗಿಲಲ್ಲಿ ಒಂದಷ್ಟು ಹೊತ್ತು ಸುಮ್ಮನೆ ಕೂತು ಏಳುತ್ತಿದ್ದಳು.

ಇಪ್ಪತ್ತು ದಿನ ಕಳೆದು ಹೊನ್ನಯ್ಯ ಮತ್ತೆ ಬಂದರು. ಕೂಲಿಯವನ ತಲೆಯ ಮೇಲೆ ಒಂದು ಟ್ರಂಕು. ಒಳ್ಳೆಯ ಮನುಷ್ಯ, ಬಂದದ್ದೂ ಒಳ್ಳೆಯ ಮನಸ್ಸಿನಿಂದಲೇ. ಎಳನೀರು ತಾವೇ ಕೇಳಿ ಕುಡಿದರು.

"ಸಾಹೇಬ್ರೆ, ಆದದ್ದಾಯ್ತು. ತಪ್ಪು ಒಪ್ಕೊಳ್ಳಾಕೆ ರೈಲು ಹತ್ತಿ ಬಂದೋರು ನೀವು, ಅಂಥೋರನ್ನ ನಾನು ಕೋರ್ಟಲ್ಲಿ ಕಂಡಿಲ್ಲ. ಮೂವತ್ತೊಂದೂ ತಂದಿವ್ನಿ. ಒಂದ್ಸಲ ನೋಡಿ ಹೌದು ಅಂದ್ಬುಡಿ. ನೀವು ಹೌದು ಅಂದ್ರೆ ಈಗ್ಲೂ ನನಗೆ ಹೌದೇಯಾ. ಊರೋರ ಬಾಯಿ ನಾನು ಮುಚ್ಚಿಸ್ತೀನಿ."

ಪರದೆಯ ಹಿಂದೆ ಸಾಬಿರಾಳ ಕಣ್ಣು ತುಂಬಿತು. ದೇವರು ದೊಡ್ಡವನು ಎಂದುಕೊಂಡಳು. ಹೋಗಿದ್ದ ಮಾವನ ಮಾತಿನ ಬೆಲೆ ಮನೆಬಾಗಿಲಿಗೆ ನಡೆದು ಬಂದಿತ್ತು.

ಸಾಹೇಬರು ಮೊದಲ ಕಾಗದ ಎತ್ತಿದರು. ಬೆಳಕಿಗೆ ಹಿಡಿದರು, ತಿರುವಿದರು, ಮತ್ತೆ ಹಿಡಿದರು. ಹೌದು ಎನ್ನಲು ಹೋದವರು ತಡೆದರು. ಆಮೇಲೆ ಪರದೆಯ ಕಡೆ ತಿರುಗಿ ಕರೆದರು.

"ಬೇಟಿ, ಈಚೆ ಬಾ."

ಎಂಟು ವರ್ಷದಲ್ಲಿ ಪರಗಂಡಸರ ಮುಂದೆ ಅವಳನ್ನು ಕರೆದವರಲ್ಲ. ಶರ್ಫುನ್ನೀಸಾ ಕೈ ಹಿಡಿದು ತಡೆದಳು. ಸಾಬಿರಾ ಸೆರಗು ಎಳೆದುಕೊಂಡು ಹೊಸಿಲು ದಾಟಿದಳು. ಹೊನ್ನಯ್ಯ ಲೇಖನಿ ಹಿಡಿದು ಗಂಟುಗಟ್ಟಿದ ಅವಳ ಬೆರಳುಗಳನ್ನು ನೋಡಿದರು, ಸಾಹೇಬರ ಮುಖ ನೋಡಿದರು, ಎಲ್ಲ ತಿಳಿದು ತಲೆ ತಗ್ಗಿಸಿದರು.

"ಇದು ನೀನು ಬರೆದದ್ದಾ?"

"ಅಲ್ಲ ಅಬ್ಬಾ."

"ಇದು?"

"ಅಲ್ಲ ಅಬ್ಬಾ. ನಾನು ದಸ್ತಖತ್ ಬರೆದಿದ್ದು ಅದೊಂದೇ."

ಸಾಹೇಬರು ಅವಳ ಮುಖವನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಇದ್ದದ್ದು ಕಾಗದ ನೋಡುವಾಗಿನ ನೋಟ. ಮೂರನೆಯದನ್ನು ಎತ್ತಿ ಅದನ್ನೂ ಮುಂದೆ ಹಿಡಿದರು.

ಹೊನ್ನಯ್ಯನವರಿಗೆ ತಡೆಯಲಾಗಲಿಲ್ಲ. "ಸಾಹೇಬ್ರೆ, ಅದನ್ನ ನೀವು ನನಗೆ ಕೊಟ್ಟು ಇಪ್ಪತ್ತು ವರ್ಷ ಆಯ್ತು. ಆಗ ಈ ಮಗಳಿಗೆ ಐದೋ ಆರೋ ವಯಸ್ಸು. ಮಾಗಡೀಲಿ ಆಡ್ಕಂಡಿದ್ದಿರಬೇಕು."

"ಗೊತ್ತು," ಎಂದರು ಸಾಹೇಬರು. "ಲೆಕ್ಕ ನನಗೂ ಗೊತ್ತು ಹೊನ್ನಯ್ಯನೋರೆ. ಆದ್ರೂ ಕೇಳ್ದೆ ಇರಾಕೆ ಆಗ್ತಾ ಇಲ್ಲ."

ಕಾಗದವನ್ನು ಅವಳ ಮುಖದ ಹತ್ತಿರಕ್ಕೆ ತಂದರು.

"ಹೇಳು ಬೇಟಿ. ಇದು ನೀನು ಬರೆದದ್ದಾ?"

"ಅಲ್ಲ ಅಬ್ಬಾ," ಎಂದಳು ಸಾಬಿರಾ. ಅವರು ಅದನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು.